ಮೂರು ಸಲ ಬಣ್ಣ ಬಳಿದರೂ ಹೋಗದ ಕಲೆ: ಮೇಂಟೆನೆನ್ಸ್ ತರಬೇತಿಯ ಒಂದು ಪ್ರಕರಣ

ಎರಡನೇ ಮಹಡಿಯ ಮನೆಯೊಂದರ ಬೆಡ್‌ರೂಮ್. ಸೀಲಿಂಗ್‌ನಲ್ಲಿ ಅಂಗೈಯಷ್ಟು ಅಗಲದ ಒದ್ದೆ ಕಲೆ, ಸುತ್ತ ಕಂದು ಅಂಚು. ಲೈಟ್ ಪಾಯಿಂಟ್‌ನಿಂದ ಎರಡು ಗೇಣು ದೂರ. ನಮ್ಮ ದೂರಿನ ರಿಜಿಸ್ಟರ್ ತಿರುವಿ ನೋಡಿದರೆ ಎರಡು ವರ್ಷದಲ್ಲಿ ಇದೇ ಕಲೆಗೆ ಮೂರು ಸಲ ಬಣ್ಣ ಬಳಿದಿದ್ದೆವು. ಮೂರು ಸಲವೂ ಕೊನೆಯ ಕಾಲಂನಲ್ಲಿ ಒಂದೇ ಪದ: 'ಮುಗಿಯಿತು'.

ನಾಲ್ಕನೇ ಸಲ ದೂರು ಬಂದಾಗ ಅದನ್ನು ನಮ್ಮ ಟ್ರೈನಿ ಹುಡುಗಿಗೆ ಕೊಟ್ಟೆ. ಅವಳು ಸೇರಿ ಹತ್ತನೇ ವಾರ. ಪ್ಲಂಬಿಂಗ್‌ನಲ್ಲಿ ಒಂದು ವರ್ಷದ ಕೋರ್ಸ್ ಮಾಡಿಕೊಂಡು ಬಂದಿದ್ದಳು. ಪೈಪ್ ನೇರವಾಗಿ ಕತ್ತರಿಸುವುದು, ಟ್ಯಾಪ್ ಬಿಚ್ಚಿ ವಾಷರ್ ಹಾಕುವುದು, ಸಿಂಕಿನ ಕೆಳಗೆ ಮಲಗಿ ಟ್ರ್ಯಾಪ್ ಕಳಚುವುದು, ಇದರಲ್ಲೆಲ್ಲ ಕೈ ಚುರುಕು. ನಮ್ಮ ತರಬೇತಿ ಒಂದು ವರ್ಷದ್ದು. ಮೊದಲ ಆರು ತಿಂಗಳು ಪ್ಲಂಬರ್, ಎಲೆಕ್ಟ್ರಿಷಿಯನ್, ಗಾರೆ ಮೇಸ್ತ್ರಿ, ಬಡಗಿ, ಪೇಂಟರ್ ಹೀಗೆ ಒಬ್ಬೊಬ್ಬರ ಹಿಂದೆ ಕೆಲವು ವಾರ ತಿರುಗಬೇಕು. ಆಮೇಲೆ ಸಣ್ಣ ದೂರುಗಳನ್ನು ಸ್ವಂತವಾಗಿ ನೋಡಬೇಕು. ಇದು ಸಣ್ಣ ದೂರು ಅಂದುಕೊಂಡೇ ನಾನು ಸ್ವಲ್ಪ ಬೇಗ ಕೊಟ್ಟುಬಿಟ್ಟೆ. ಕಲೆ ತಾನೇ.

ಮೊದಲ ದಿನವೇ ಸಿಕ್ಕ 'ಕಾರಣ'

ಅವಳು ಟೂಲ್ ಬ್ಯಾಗ್ ಹೆಗಲಿಗೆ ಹಾಕಿಕೊಂಡು ನೇರ ಮೂರನೇ ಮಹಡಿಗೆ ಹೋದಳು. ಕಲೆಗೆ ಹೆಚ್ಚುಕಡಿಮೆ ಸರಿಯಾಗಿ ಮೇಲೆ ಅಲ್ಲಿನ ಬಾತ್‌ರೂಮ್ ಇದೆ. ನೆಲದ ಟೈಲ್ಸ್ ನಡುವಿನ ಸಂದು ತುಂಬುವ ಗ್ರೌಟ್ ಅಲ್ಲಲ್ಲಿ ಉದುರಿತ್ತು. ಒಂದು ಕಡೆ ಉಗುರು ತೂರಿಸಿದರೆ ಮಣ್ಣಿನ ಹಾಗೆ ಪುಡಿಯಾಗುತ್ತಿತ್ತು. ಇದಕ್ಕಿಂತ ಸಾಕ್ಷಿ ಏನು ಬೇಕು? ಹಳೆ ಗ್ರೌಟ್ ಕೆರೆದು ಎಪಾಕ್ಸಿ ಗ್ರೌಟ್ ತುಂಬಿದಳು. ಕೆಲಸ ನೀಟಾಗಿತ್ತು. ಸಂಜೆ ನಾನೇ ಹೋಗಿ ನೋಡಿ, "ಒಂದೇ ದಿನದಲ್ಲಿ ಮುಗಿಸಿದ್ದೀಯಲ್ಲ, ಗುಡ್" ಎಂದೆ.

ಎಂಟು ದಿನ ಕಲೆ ಒಣಗುತ್ತಲೇ ಹೋಯಿತು. ಒಂಬತ್ತನೇ ದಿನ ಕೆಳಗಿನ ಮನೆಯ ಮೇಡಂ ಫೋನ್ ಮಾಡಿ, "ಮತ್ತೆ ಒದ್ದೆಯಾಗಿದೆ, ಈ ಸಲ ಇನ್ನೂ ಜಾಸ್ತಿ" ಎಂದರು.

ಆ ಎಂಟು ದಿನ ಒಣಗಿದ್ದು ಯಾಕೆ ಅಂತ ಗೊತ್ತಾಗಿದ್ದು ಆಮೇಲೆ, ಅದೂ ಮಾತಿನ ನಡುವೆ. ಮೇಲಿನ ಮನೆಯವರು ಗ್ರೌಟ್ ಹಾಕಿದ ಮರುದಿನವೇ ಊರಿಗೆ ಹೋಗಿದ್ದರು. ವಾರವಿಡೀ ಆ ಮನೆಯಲ್ಲಿ ಒಂದು ಲೋಟ ನೀರೂ ಬಳಕೆಯಾಗಿರಲಿಲ್ಲ. ನಾವು ಬಣ್ಣ ಬಳಿದ ಮೂರು ಸಲವೂ ಇಂಥದ್ದೇ ಏನೋ ಆಗಿರಬೇಕು ಎಂದು ನನಗೆ ಈಗ ಅನುಮಾನ. ರಿಪೇರಿ ಆದ ಮೇಲೆ ಸಮಸ್ಯೆ ನಿಂತಿತು ಅಂದಮಾತ್ರಕ್ಕೆ ರಿಪೇರಿಯಿಂದಲೇ ನಿಂತಿತು ಅಂತಲ್ಲ. ಈ ಮಾತನ್ನು ತರಗತಿಯಲ್ಲಿ ನೂರು ಸಲ ಹೇಳಬಹುದು. ತಾನೇ ಕೆರೆದು ತುಂಬಿದ ಗ್ರೌಟ್ ಮೇಲೆ ಮೊಣಕಾಲೂರಿ ಕೂತಾಗ ಅದು ತಲೆಗೆ ಹೋಗುವ ರೀತಿಯೇ ಬೇರೆ.

ಅವಳ ಮುಖ ಸಪ್ಪಗಾಗಿತ್ತು. "ಸರ್, ಬಾತ್‌ರೂಮ್ ನೆಲ ಪೂರ್ತಿ ಒಡೆದು ವಾಟರ್‌ಪ್ರೂಫಿಂಗ್ ಮಾಡೋಣ್ವಾ?" ಎಂದು ಕೇಳಿದಳು. ಹೊಸಬರ ಕಥೆಯೇ ಹೀಗೆ. ಸಣ್ಣ ರಿಪೇರಿ ಕೈಕೊಟ್ಟರೆ ದೊಡ್ಡದಕ್ಕೆ ಹಾರುತ್ತಾರೆ. ಎರಡರ ನಡುವೆ ಹುಡುಕುವುದು ಅಂತ ಒಂದು ಕೆಲಸ ಇದೆ ಅನ್ನುವುದೇ ಹೊಳೆಯುವುದಿಲ್ಲ.

ನಾಲ್ಕು ನೀರು

ಅವತ್ತು ಟೂಲ್ ಬ್ಯಾಗ್ ಆಫೀಸಿನಲ್ಲೇ ಇಡಿಸಿದೆ. ಟಾರ್ಚ್, ಟೇಪು, ಪೆನ್ಸಿಲ್, ನೋಟ್ ಪುಸ್ತಕ ಇಷ್ಟೇ ಸಾಕು ಎಂದೆ. ನಮ್ಮ ಹಿರಿಯ ಪ್ಲಂಬರ್ ಮೇಸ್ತ್ರಿಗೆ ಇದು ಸರಿಹೋಗಲಿಲ್ಲ. "ಸುಮ್ನೆ ನೋಡ್ಕೊಂಡು ನಿಂತ್ರೆ ಪೈಪು ತಾನಾಗೇ ರಿಪೇರಿ ಆಗತ್ತಾ?" ಎಂದು ಗೊಣಗಿದರು. ಆದರೆ ಕಲೆ ಹುಡುಕುವ ಲೆಕ್ಕಾಚಾರವನ್ನು ವರ್ಷಗಳ ಹಿಂದೆ ನನಗೆ ಹೇಳಿಕೊಟ್ಟಿದ್ದೇ ಅವರು. ಅದನ್ನೇ ಅವಳಿಗೂ ಹೇಳಿದರು.

ಕಟ್ಟಡದೊಳಗೆ ಒದ್ದೆ ಮಾಡುವ ನೀರು ನಾಲ್ಕು ಥರ. ಬರುವ ನೀರು, ಹೋಗುವ ನೀರು, ಮಳೆ ನೀರು, ಗಾಳಿ ನೀರು. ಒಂದೊಂದಕ್ಕೂ ಅದರದ್ದೇ ಹೊತ್ತು ಇದೆ.

ಬರುವ ನೀರು ಅಂದರೆ ಟ್ಯಾಪಿಗೆ ಬರುವ ಪೈಪಿನದ್ದು. ಅಲ್ಲಿ ಸದಾ ಒತ್ತಡ. ಟ್ಯಾಂಕು 10 ಮೀಟರ್ ಮೇಲಿದ್ದರೆ ಪೈಪಿನಲ್ಲಿ ಸುಮಾರು 1 ಬಾರ್ ಒತ್ತಡ ಇರುತ್ತದೆ. ಸೂಜಿ ಮೊನೆಯಷ್ಟು ತೂತಿದ್ದರೂ ಹಗಲು ರಾತ್ರಿ ಸೋರುತ್ತಲೇ ಇರುತ್ತದೆ, ಮನೆಯಲ್ಲಿ ಯಾರೂ ಇಲ್ಲದಿದ್ದರೂ. ಹೋಗುವ ನೀರು ಡ್ರೈನಿನದ್ದು, ಯಾರಾದರೂ ಬಳಸಿದಾಗ ಮಾತ್ರ ಹರಿಯುತ್ತದೆ. ಮಳೆ ನೀರಿಗೆ ಮಳೆ ಬರಬೇಕು. ಗಾಳಿ ನೀರು ಅಂದರೆ ತಣ್ಣಗಿನ ಗೋಡೆಗೆ ಗಾಳಿಯ ತೇವ ತಾಗಿ ಹನಿಗಟ್ಟುವುದು. ಅದು ಹವೆ ನೋಡಿಕೊಂಡು ಬರುತ್ತದೆ, ಸಾಮಾನ್ಯವಾಗಿ ಮೂಲೆ ಮತ್ತು ಹೊರಗೋಡೆ ಹಿಡಿದು ಹರಡುತ್ತದೆ. ಇಲ್ಲಿ ಕಂಡಂತೆ ಸ್ಪಷ್ಟ ಕಂದು ಅಂಚು ಅದಕ್ಕೆ ಇರುವುದು ಕಮ್ಮಿ.

"ಜಾಗ ಆಮೇಲೆ ನೋಡಮ್ಮ, ಮೊದಲು ಹೊತ್ತು ನೋಡು" ಎಂದರು ಮೇಸ್ತ್ರಿ. ನೀರು ಸ್ಲ್ಯಾಬ್ ಮೇಲೆ ಇಳಿಜಾರು ಹಿಡಿದು, ಪೈಪಿನ ಹೊರಮೈ ಹಿಡಿದು, ಬಿರುಕು ಹಿಡಿದು ಎಲ್ಲೆಲ್ಲೋ ಅಲೆದು ಸಿಕ್ಕಲ್ಲಿ ಇಳಿಯುತ್ತದೆ. ಕಲೆಯ ನೆತ್ತಿಯ ಮೇಲೇ ಸೋರಿಕೆ ಇರಬೇಕೆಂದಿಲ್ಲ.

ಹೊತ್ತು ಹಿಡಿಯಲು ಅವಳು ಮಾಡಿದ ಕೆಲಸ ಬಲು ಸರಳ. ಏಣಿ ಹಾಕಿ, ಕಲೆಯ ಅಂಚಿನುದ್ದಕ್ಕೂ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಮತ್ತು ಗಂಟೆ ಬರೆದಳು. ಮರುದಿನ ಬೆಳಿಗ್ಗೆ ಮತ್ತೆ. ಸಂಜೆ ಮತ್ತೆ. ಕಲೆ ಗೆರೆ ದಾಟಿದ್ದರೆ ಹೊಸ ಗೆರೆ, ಇಲ್ಲದಿದ್ದರೆ ಪುಸ್ತಕದಲ್ಲಿ 'ಬದಲಾವಣೆ ಇಲ್ಲ'. ಎರಡು ವಾರದಲ್ಲಿ ಸೀಲಿಂಗ್ ಮೇಲೆ ಮರದ ಬುಡ ಕೊಯ್ದರೆ ಕಾಣುವಂಥ ಸುತ್ತುಗಳು ಮೂಡಿದವು. ಮನೆಯ ಮೇಡಂ ಮೊದಲು ಬೇಜಾರು ಮಾಡಿಕೊಂಡರು. "ಕಲೆ ತೆಗೀರಿ ಅಂದ್ರೆ ಗೀಚ್ತಾ ಇದೀರಲ್ಲಮ್ಮ" ಅಂತ. ನಾಲ್ಕನೇ ದಿನದಿಂದ ಅವರೇ ಕಾಯುತ್ತಿದ್ದರು. ಇವಳು ಬರುವ ಮೊದಲೇ "ರಾತ್ರಿ ಬೆಳೆದಿದೆ ನೋಡು" ಎನ್ನುತ್ತಿದ್ದರು.

ಲೈಟ್ ಪಾಯಿಂಟ್ ಹೇಳಿದ್ದು

ಇದಕ್ಕೂ ಮೊದಲು ಆಗಬೇಕಿದ್ದ ಕೆಲಸವೊಂದು ಇತ್ತು. ಮೊದಲ ಭೇಟಿಯಲ್ಲಿ ಅವಳು ಅದನ್ನು ಬಿಟ್ಟಿದ್ದಳು. ಬಿಟ್ಟಿದ್ದನ್ನು ನಾನೂ ಗಮನಿಸಿರಲಿಲ್ಲ. ನೀರಿನ ಕಲೆ, ಪಕ್ಕದಲ್ಲೇ ಲೈಟು. ಮೊದಲು ಆರಿಸಬೇಕಾದದ್ದು ಆ ಸರ್ಕ್ಯೂಟ್.

ಎಲೆಕ್ಟ್ರಿಷಿಯನ್ ಜೊತೆ ಹೋದಳು. ಆ ಸರ್ಕ್ಯೂಟಿನ ಕರೆಂಟ್ ಕಡಿಯುವ ಸ್ವಿಚ್, ಅಂದರೆ ಎಂಸಿಬಿ ಇಳಿಸಿ, ಯಾರೂ ಮತ್ತೆ ಏರಿಸದಂತೆ ಲಾಕ್ ಹಾಕಿ ಟ್ಯಾಗ್ ಕಟ್ಟಿದರು. ಆಮೇಲೆ ಎರಡು ಪ್ರೋಬ್ ಇರುವ ಟೆಸ್ಟರ್‌ನಿಂದ ಮೂರು ಸಲ ನೋಡಿದರು. ಮೊದಲು ಕರೆಂಟ್ ಇರುವುದು ಗೊತ್ತಿರುವ ಸಾಕೆಟ್‌ನಲ್ಲಿ, ಆಮೇಲೆ ಈ ಲೈಟ್ ಪಾಯಿಂಟ್‌ನಲ್ಲಿ, ಆಮೇಲೆ ಮತ್ತೆ ಅದೇ ಸಾಕೆಟ್‌ನಲ್ಲಿ. ಟೆಸ್ಟರ್ ಕೆಟ್ಟಿದ್ದರೆ ಸತ್ತ ವೈರ್‌ಗೂ ಜೀವಂತ ವೈರ್‌ಗೂ ಒಂದೇ ಉತ್ತರ ಕೊಡುತ್ತದೆ ಅಲ್ವಾ, ಅದಕ್ಕೆ. ನಿಯಾನ್ ದೀಪದ ಸ್ಕ್ರೂಡ್ರೈವರ್ ಟೆಸ್ಟರ್ ನಂಬಿ ಕೈ ಹಾಕುವವರನ್ನು ನಾನು ಈಗಲೂ ನೋಡುತ್ತೇನೆ. ನಮ್ಮಲ್ಲಿ ಅದಕ್ಕೆ ಅವಕಾಶ ಇಲ್ಲ.

ಲೈಟಿನ ವೈರು ಸೇರುವ ಸೀಲಿಂಗ್ ರೋಸ್ ಬಿಚ್ಚಿದಾಗ ಒಳಗಿನ ಎರಡು ಸ್ಕ್ರೂಗಳಿಗೆ ಕೆಂಪು ತುಕ್ಕು ಹಿಡಿದಿತ್ತು. ಸ್ಲ್ಯಾಬ್‌ನೊಳಗೆ ಹೂತ, ವೈರು ಹಾಯುವ ಕಂಡ್ಯೂಟ್ ಪೈಪಿನ ಬಾಯಲ್ಲಿ ಒಂದು ಹನಿ. ಇವಳು ಟಾರ್ಚ್ ಬಿಟ್ಟು ನೋಡುತ್ತಿದ್ದಾಗಲೇ ಆ ಹನಿ ದಪ್ಪಗಾಗಿ ಬಿತ್ತಂತೆ. ಅಂದರೆ ನೀರು ಮೇಲಿಂದ ನೇರ ಇಳಿಯುತ್ತಿರಲಿಲ್ಲ, ಕಂಡ್ಯೂಟನ್ನೇ ಕಾಲುವೆ ಮಾಡಿಕೊಂಡು ಅಡ್ಡಡ್ಡ ಬರುತ್ತಿತ್ತು. ಎಲೆಕ್ಟ್ರಿಷಿಯನ್ ಅದರೊಳಗೆ ಫಿಶ್ ಟೇಪ್ (ವೈರು ಎಳೆಯಲು ಬಳಸುವ ಉದ್ದ ಪಟ್ಟಿ) ತೂರಿಸಿದರು. 2.8 ಮೀಟರ್ ಹೋಗಿ ಅಡುಗೆಮನೆ ಆಚೆಯ ಯುಟಿಲಿಟಿ (ಬಟ್ಟೆ ಒಗೆಯುವ ಜಾಗ) ಕಡೆಯ ಜಂಕ್ಷನ್ ಬಾಕ್ಸ್‌ನಲ್ಲಿ ಹೊರಬಂತು. ಬಾತ್‌ರೂಮ್ ಇದ್ದದ್ದು ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿನಲ್ಲಿ.

ಗಾರೆ ಮೇಸ್ತ್ರಿಯನ್ನೂ ಒಮ್ಮೆ ಕರೆಸಿದೆ. ಅವರು ಸುತ್ತಿಗೆಯ ಹಿಡಿಯಿಂದ ಸೀಲಿಂಗ್ ತಟ್ಟುತ್ತಾ ಹೋದರು. ಗಟ್ಟಿ ಪ್ಲಾಸ್ಟರ್ ಟಕ್ ಟಕ್ ಅನ್ನುತ್ತದೆ. ಸ್ಲ್ಯಾಬ್ ಬಿಟ್ಟ ಪ್ಲಾಸ್ಟರ್ ಡೊಳ್ಳಿನ ಹಾಗೆ ಡಬ್ ಅನ್ನುತ್ತದೆ. ಒಂದು ಮೊಳ ಜಾಗ ಡಬ್ ಅಂತು. ಇದು ಬರೀ ಅಂದದ ಪ್ರಶ್ನೆ ಆಗಿರಲಿಲ್ಲ. ನೀರು ಒಳಗಿನ ಕಂಬಿ ತಲುಪಿದರೆ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಬೇಕು, ಅದು ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತದೆ. ನಮ್ಮ ಪುಣ್ಯ, ಸಡಿಲ ಪ್ಲಾಸ್ಟರ್ ತೆಗೆದಾಗ ಕಾಂಕ್ರೀಟ್‌ನಲ್ಲಿ ಬಿರುಕಿರಲಿಲ್ಲ, ತುಕ್ಕಿನ ಗುರುತೂ ಇರಲಿಲ್ಲ. ಕಂಬಿ ಕಾಣಿಸಿದ್ದರೆ ಅಲ್ಲಿಗೆ ನಮ್ಮ ಕೆಲಸ ನಿಲ್ಲಿಸಿ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಹೇಳುತ್ತಿದ್ದೆವು. ಮೇಂಟೆನೆನ್ಸ್‌ನವನು ಎಲ್ಲದರಲ್ಲೂ ಸ್ವಲ್ಪ ಗೊತ್ತಿರುವವನು. ಎಲ್ಲಿ ಕೈ ಹಿಂದೆ ತೆಗೆಯಬೇಕು ಅನ್ನುವುದೂ ಆ ಸ್ವಲ್ಪದಲ್ಲೇ ಸೇರಿದೆ. ಗ್ಯಾಸ್ ಲೈನ್, ಲಿಫ್ಟ್, ಮೇನ್ ಪ್ಯಾನೆಲ್, ಬೀಮಿನ ಬಿರುಕು, ಇವನ್ನು ಕಂಡರೆ ಫೋನ್ ತೆಗೆಯಬೇಕು, ಸ್ಪ್ಯಾನರ್ ಅಲ್ಲ.

ಒಂದೊಂದಾಗಿ ಹೊರಗೆ

ಆ ದಿನಗಳಲ್ಲಿ ಮಳೆ ಬರಲಿಲ್ಲ. ರೂಮಿಗೆ ಹೊರಗೋಡೆಯೂ ಇಲ್ಲ. ಹಾಗಾಗಿ ಮಳೆ ನೀರು ಮತ್ತು ಗಾಳಿ ನೀರನ್ನು ಬೇಗ ಬದಿಗಿಟ್ಟೆವು.

ಬರುವ ನೀರಿಗೆ ಮೀಟರ್ ಪರೀಕ್ಷೆ. ಮೇಲಿನ ಮನೆಯವರನ್ನು ಕೇಳಿಕೊಂಡು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಯಾವ ಟ್ಯಾಪನ್ನೂ ತೆರೆಯದೆ, ಫ್ಲಶ್ ಕೂಡ ಮಾಡದೆ ಇರುವಂತೆ ಮಾಡಿದಳು. ಬಕೆಟ್‌ನಲ್ಲಿ ನೀರು ಹಿಡಿದಿಟ್ಟುಕೊಂಡರು, ಪಾಪ. ಸೆಕೆಂಡಿಗೆ ಒಂದು ಹನಿ ಸೋರಿದರೂ ಎಂಟು ಗಂಟೆಗೆ ಹತ್ತಿರ ಹತ್ತಿರ ಒಂದೂವರೆ ಲೀಟರ್ ಆಗುತ್ತದೆ. ಮೀಟರ್ ಮುಳ್ಳು ಅಲುಗಿರಲಿಲ್ಲ.

ಉಳಿದದ್ದು ಹೋಗುವ ನೀರು. ದಿಕ್ಕು ಬೇರೆ ಅಂತ ಗೊತ್ತಾಗಿದ್ದರೂ ಬಾತ್‌ರೂಮಿಗೆ ಒಂದು ಪರೀಕ್ಷೆ ಮಾಡಲೇಬೇಕು ಎಂದೆ. ಅನುಮಾನ ಇದ್ದದ್ದೇ ಅದರ ಮೇಲೆ, ಸುಮ್ನೆ ಬಿಟ್ಟರೆ ನಾಳೆ ಮತ್ತೆ ತಲೆ ಎತ್ತುತ್ತದೆ. ನೆಲದ ಜಾಲರಿಗೆ ಬಿರಡೆ ಹಾಕಿ, 25 ಮಿಲಿಮೀಟರ್ ನೀರು ನಿಲ್ಲಿಸಿ, ಹಸಿರು ಬಣ್ಣದ ಡೈ ಕಲಸಿ 24 ಗಂಟೆ ಬಿಟ್ಟಳು. ಕೆಳಗೆ ಪೆನ್ಸಿಲ್ ಗೆರೆ ಹಾಗೇ ಇತ್ತು. ಬಿರಡೆ ತೆಗೆದು ಆ ನೀರನ್ನೆಲ್ಲ ಡ್ರೈನಿಗೆ ಬಿಟ್ಟಳು. ಆಗಲೂ ಏನೂ ಇಲ್ಲ. ಅವಳು ಅಷ್ಟು ಶ್ರಮಪಟ್ಟು ತುಂಬಿದ ಗ್ರೌಟ್‌ಗೂ ಈ ಕಲೆಗೂ ಸಂಬಂಧವೇ ಇರಲಿಲ್ಲ.

ಅಷ್ಟರಲ್ಲಿ ಪೆನ್ಸಿಲ್ ಗೆರೆಗಳು ಮಾತಾಡಲು ಶುರುಮಾಡಿದ್ದವು. ಬೆಳೆದದ್ದೆಲ್ಲ ಬುಧವಾರ ರಾತ್ರಿ, ಇಲ್ಲವೇ ಭಾನುವಾರ. ಬೇರೆ ದಿನ 'ಬದಲಾವಣೆ ಇಲ್ಲ'. ಅವಳು ಮೇಲಿನ ಮನೆಗೆ ಹೋಗಿ ಕಲೆಯ ಸುದ್ದಿಯನ್ನೇ ಎತ್ತದೆ, "ಆಂಟಿ, ಬುಧವಾರ ಮತ್ತು ಭಾನುವಾರ ನಿಮ್ಮನೇಲಿ ಏನು ವಿಶೇಷ?" ಎಂದು ಕೇಳಿದಳು. ವಿಶೇಷ ಏನಿಲ್ಲ, ಬಟ್ಟೆ ಮಷೀನ್‌ಗೆ ಹಾಕ್ತೀನಿ ಅಷ್ಟೇ ಅಂದರು.

ಯುಟಿಲಿಟಿಯ ಡ್ರೈನ್! ಓಡಿ ಬಂದು ಹೇಳಿದಳು. ಮರುದಿನ ಅಲ್ಲಿನ ಟ್ಯಾಪ್ ತೆರೆದು, ಡೈ ಹಾಕಿ, ಅರ್ಧ ಗಂಟೆ ನೀರು ಬಿಟ್ಟಳು. ಕೆಳಗೆ ಕಾದಳು. ಒಂದು ಹನಿಯೂ ಇಲ್ಲ.

ಇಲ್ಲಿ ಅವಳು ಆ ಡ್ರೈನನ್ನೂ ಪಟ್ಟಿಯಿಂದ ಹೊಡೆದುಹಾಕಿಬಿಟ್ಟಳು. ನಾನೂ ತಲೆಯಾಡಿಸಿದೆ. ಉಳಿಸಿದ್ದು ಮೇಸ್ತ್ರಿ. "ಮಷೀನ್ ನೀರು ಬಿಡೋ ಥರ ನೀನು ಬಿಟ್ಯೇನಮ್ಮ?" ಎಂದು ಕೇಳಿದರು. ಟ್ಯಾಪಿನಿಂದ ಬಂದದ್ದು ನಿಮಿಷಕ್ಕೆ ಆರು ಲೀಟರ್. ಬಕೆಟ್ ಇಟ್ಟು ಅಳೆದೆವು. ವಾಷಿಂಗ್ ಮಷೀನಿನ ಪಂಪು ನಿಮಿಷಕ್ಕೆ ಹದಿನೈದು ಲೀಟರ್‌ನಷ್ಟು ತಳ್ಳುತ್ತದೆ. ಪೈಪು ಖಾಲಿ ಇದ್ದರೆ ಎರಡೂ ಹರಿದು ಹೋಗುತ್ತವೆ. ಪೈಪಿನೊಳಗೆ ಎಲ್ಲೋ ಅರ್ಧ ಕಟ್ಟಿಕೊಂಡಿದ್ದರೆ ಆರು ಲೀಟರ್ ತಳದಲ್ಲಿ ನುಸುಳಿ ಹೋಗುತ್ತದೆ, ಹದಿನೈದು ಲೀಟರ್ ಹಿಂದಕ್ಕೆ ತುಂಬಿಕೊಂಡು ಏರುತ್ತದೆ.

ಮಷೀನಿನ ಡ್ರಮ್ಮಿಗೇ ಡೈ ಹಾಕಿ, ಬಟ್ಟೆ ಇಲ್ಲದೆ ಒಂದು ಸುತ್ತು ಓಡಿಸಿದಳು. ಮೂರು ಗಂಟೆ ಆದಮೇಲೆ ಕೆಳಗಿನ ಬೆಡ್‌ರೂಮಿನಲ್ಲಿ, ಕಂಡ್ಯೂಟ್ ಬಾಯಿಗೆ ಸಿಕ್ಕಿಸಿದ್ದ ಬಿಳಿ ಟಿಶ್ಯೂ ಪೇಪರಿನ ತುದಿ ತಿಳಿ ಹಸಿರಾಯಿತು. ಅದರ ಫೋಟೊ ನನಗೆ ಕಳಿಸಿದಳು. ಕೆಳಗೆ ಏನೂ ಬರೆದಿರಲಿಲ್ಲ.

ಒಳಗಿದ್ದದ್ದು

ಈಗ ಒಡೆಯಲು ಒಪ್ಪಿದೆ. ಯುಟಿಲಿಟಿ ನೆಲದಲ್ಲಿ ಒಂದೇ ಟೈಲ್ ತೆಗೆದೆವು. ಕೆಳಗಿನ ತುಂಬು ಮಣ್ಣು ಕೆಸರಾಗಿತ್ತು. ಅದನ್ನು ಬಗೆದಾಗ ಪೈಪನ್ನು ತಿರುಗಿಸುವ ಪಿವಿಸಿ ತುಂಡು, ಅಂದರೆ ಎಲ್ಬೋ, ಅದಕ್ಕೆ ಸೇರಿದ ಅಡ್ಡ ಪೈಪು. ಇವಳು ಪೈಪು ಹಿಡಿದು ಸ್ವಲ್ಪ ಎಳೆದಳು. ಕೈಗೇ ಬಂತು.

ಆ ಜಾಯಿಂಟಿಗೆ ಪಿವಿಸಿ ಪೈಪು ಜೋಡಿಸುವ ಸಾಲ್ವೆಂಟ್ ಸಿಮೆಂಟನ್ನೇ ಹಚ್ಚಿರಲಿಲ್ಲ. ಕಟ್ಟಡ ಕಟ್ಟುವಾಗ ಯಾರೋ ಅಳತೆ ನೋಡಲು ಒಣದಾಗಿ ಸೇರಿಸಿ, ಹಾಗೇ ಮರೆತು ಮಣ್ಣು ಮುಚ್ಚಿದ್ದಾರೆ. ಒಣದಾಗಿ ಸೇರಿಸಿದ ಪೈಪು ಎಲ್ಬೋದ ಸಾಕೆಟ್‌ನೊಳಗೆ, ಅಂದರೆ ಅದರ ಬಾಯೊಳಗೆ, ಅರ್ಧ ಹೋಗಿ ಬಿಗಿಯಾಗಿ ಕೂರುತ್ತದೆ, ನೋಡಿದರೆ ಜೋಡಿಸಿದ ಹಾಗೇ ಕಾಣುತ್ತದೆ. ಡ್ರೈನ್ ಪೈಪಿನಲ್ಲಿ ನೀರು ತಳದಲ್ಲಿ ಮಾತ್ರ ಹರಿಯುವುದರಿಂದ ಅದು ಹದಿನೈದು ಹದಿನಾರು ವರ್ಷ ಸೋರದೇ ಇತ್ತು. ಮುಂದೆ ಒಂದು ಮೀಟರ್ ದೂರದಲ್ಲಿ ಬಟ್ಟೆಯ ನೂಲು, ಸೋಪಿನ ಜಿಡ್ಡು ಸೇರಿ ಪೈಪಿನ ಅರ್ಧ ಬಾಯಿ ಮುಚ್ಚಿದ ಮೇಲೆ ನೀರು ಹಿಂದಕ್ಕೆ ಏರಿ ಜಾಯಿಂಟ್ ಮುಳುಗತೊಡಗಿತು. ಎರಡು ತಪ್ಪು ಸೇರಿದಾಗ ಒಂದು ಸೋರಿಕೆ. ಬರೀ ಬ್ಲಾಕ್ ತೆಗೆದಿದ್ದರೂ ಕಲೆ ನಿಲ್ಲುತ್ತಿತ್ತು, ಮತ್ತೆ ಕಟ್ಟಿಕೊಳ್ಳುವ ತನಕ.

ರಿಪೇರಿ ಅವಳದ್ದೇ. ಇದು ಅವಳು ಕೋರ್ಸಿನಲ್ಲಿ ಕಲಿತ ಭಾಗ. ಪೈಪು ನೇರ ಕತ್ತರಿಸಿ, ಅಂಚಿನ ಚೂರು ಕೆರೆದು, ಸಾಕೆಟ್‌ನ ಆಳ ಅಳೆದು ಪೈಪಿನ ಮೇಲೆ ಗುರುತು ಹಾಕಿದಳು. ಒರೆಸಿ, ಪ್ರೈಮರ್ ಹಚ್ಚಿ, ಎರಡೂ ಮೈಗೆ ಸಿಮೆಂಟ್ ಬಳಿದು, ಕಾಲು ಸುತ್ತು ತಿರುಗಿಸುತ್ತಾ ಗುರುತಿನವರೆಗೆ ಒತ್ತಿ ಅರ್ಧ ನಿಮಿಷ ಹಿಡಿದಳು. ಸಾಲ್ವೆಂಟ್ ಸಿಮೆಂಟ್ ಬರೀ ಅಂಟಲ್ಲ, ಎರಡೂ ಮೈಯನ್ನು ಕರಗಿಸಿ ಒಂದು ಮಾಡುತ್ತದೆ. ಗುರುತು ಹಾಕದಿದ್ದರೆ ಪೈಪು ಪೂರ್ತಿ ಒಳಗೆ ಹೋಯಿತೋ ಇಲ್ಲವೋ ಹೇಳುವ ದಾರಿಯೇ ಇಲ್ಲ. ಆಮೇಲೆ ಲೈನಿನ ನೂಲು, ಜಿಡ್ಡೆಲ್ಲ ತೆಗೆದು, ಬಿರಡೆ ಹಾಕಿ ನೀರು ನಿಲ್ಲಿಸಿ ನೋಡಿದಳು. ಮಷೀನನ್ನೂ ಮೂರು ಸಲ ಓಡಿಸಿದಳು.

ಟೈಲ್ ಮುಚ್ಚಲು ಬಿಡಲಿಲ್ಲ. ಒಂದು ಬುಧವಾರ, ಒಂದು ಭಾನುವಾರ ಕಳೆಯಲಿ ಎಂದೆ. ಮೇಲಿನ ಮನೆಯವರು ವಾರವಿಡೀ ಹಲಗೆ ದಾಟಿಕೊಂಡು ಓಡಾಡಿದರು. ಕೆಳಗಿನ ಸೀಲಿಂಗ್‌ಗೆ ಬಣ್ಣ ಬಳಿಯಲು ಐದು ವಾರ ಕಾದೆವು. ಕಲೆಯ ಜಾಗದ ತೇವವನ್ನು ಮಾಯಿಶ್ಚರ್ ಮೀಟರ್‌ನಲ್ಲಿ ನೋಡಿ, ಅದೇ ಸೀಲಿಂಗ್‌ನ ಒಣ ಮೂಲೆಯ ಜೊತೆ ಹೋಲಿಸುತ್ತಿದ್ದಳು. ಬರೀ ಅಂಕಿ ನಂಬುವಂತಿಲ್ಲ. ನೀರು ಬಿಟ್ಟುಹೋದ ಉಪ್ಪು ಇದ್ದರೆ ಮೀಟರ್ ಒಣ ಗೋಡೆಯನ್ನೂ ಒದ್ದೆ ಅನ್ನುತ್ತದೆ. ಅದಕ್ಕೇ ಬಿಳಿ ಉಪ್ಪನ್ನು ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆದು ಆಮೇಲೆ ಅಳೆಯುತ್ತಿದ್ದಳು.

ನನ್ನ ಪಾಲಿನ ತಪ್ಪು

ಈ ಪ್ರಕರಣ ಬರೆಯುವಾಗ ಅವಳು ಏನು ಕಲಿತಳು ಅನ್ನುವುದಕ್ಕಿಂತ ನಾನು ಏನು ಕಲಿಸುತ್ತಿದ್ದೆ ಅನ್ನುವುದೇ ಹೆಚ್ಚು ಕಾಡುತ್ತದೆ. ನಮ್ಮಲ್ಲಿ ಪ್ರತಿ ತಿಂಗಳು ಯಾರು ಎಷ್ಟು ದೂರು ಮುಗಿಸಿದರು ಅಂತ ಲೆಕ್ಕ ಹಾಕುತ್ತಿದ್ದೆವು. ಬಣ್ಣ ಬಳಿದರೆ ಒಂದು ದೂರು ಮುಗಿಯುತ್ತದೆ. ಮತ್ತೆ ಕಲೆ ಬಂದರೆ ಅದು ಹೊಸ ದೂರು, ಅದನ್ನೂ ಮುಗಿಸಬಹುದು! ಈ ಲೆಕ್ಕದಲ್ಲಿ ಮೂರು ಸಲ ಬಣ್ಣ ಬಳಿದ ಪೇಂಟರ್‌ಗೆ ಮೂರು ಅಂಕ, ಐದು ವಾರ ಕೂತು ಹುಡುಕಿದವಳಿಗೆ ಒಂದು. ಮೊದಲ ದಿನ ಅವಳಿಗೆ 'ಗುಡ್' ಅಂದದ್ದು ಇದೇ ಲೆಕ್ಕದ ತಲೆಯಿಂದ. ಕೈ ಚುರುಕಿರುವ ಹುಡುಗರಿಗೆ ಇಂಥ ಶಹಭಾಸ್ ಸಿಕ್ಕರೆ ಅವರು ಜೀವಮಾನವಿಡೀ ಗ್ರೌಟ್ ತುಂಬುತ್ತಾ ಇರುತ್ತಾರೆ.

ಈಗ ರಿಜಿಸ್ಟರ್‌ನಲ್ಲಿ 'ಮುಗಿಯಿತು' ಕಾಲಂ ಇಲ್ಲ. ಅದರ ಜಾಗದಲ್ಲಿ ಎರಡು: 'ಕೆಲಸ ಮಾಡಿದ ದಿನ' ಮತ್ತು 'ಖಾತ್ರಿಯಾದ ದಿನ'. ಎರಡನೆಯದನ್ನು ತುಂಬಬೇಕಾದರೆ ಏನು ಪರೀಕ್ಷೆ ಮಾಡಿದೆ ಅಂತ ಬರೆಯಬೇಕು. ಒಂದೇ ಜಾಗಕ್ಕೆ ಎರಡನೇ ಸಲ ದೂರು ಬಂದರೆ ಹೊಸ ನಂಬರ್ ಇಲ್ಲ, ಹಳೆಯದೇ ಮತ್ತೆ ತೆರೆಯುತ್ತದೆ. ಟ್ರೈನಿಗಳು ಮೊದಲ ಭೇಟಿಗೆ ಟೂಲ್ ಬ್ಯಾಗ್ ಒಯ್ಯುವಂತಿಲ್ಲ, ಉಕ್ಕುತ್ತಿರುವ ಪೈಪು, ಸುಟ್ಟ ವಾಸನೆ ಇಂಥ ತುರ್ತು ಬಿಟ್ಟು. ಈ ನಿಯಮದ ಬಗ್ಗೆ ಮೇಸ್ತ್ರಿ ಇನ್ನೂ ಗೊಣಗುತ್ತಾರೆ. ಮುಗಿದ ದೂರುಗಳ ಸಂಖ್ಯೆ ಇಳಿದಿದೆ ಅಂತ ಮ್ಯಾನೇಜರ್ ಕೂಡ ಒಮ್ಮೆ ಕೇಳಿದರು. ಇಳಿದದ್ದು ಹೌದು.

ಕೊನೆಯ ಪ್ರಶ್ನೆ ಅವಳೇ ಎತ್ತಿದಳು. "ಸರ್, ಒಬ್ಬರೇ ಎಲ್ಲಾ ಮನೆ ಪೈಪ್ ಹಾಕಿರ್ತಾರಲ್ವಾ? ಮಿಕ್ಕ ಮನೆಗಳಲ್ಲಿ?" ಕಟ್ಟಡದಲ್ಲಿ 24 ಮನೆಗಳಿವೆ. ಟೈಲ್ ಒಡೆಯದೆ, ಮಷೀನ್ ಮತ್ತು ಡೈ ಇಟ್ಟುಕೊಂಡು ಇಲ್ಲಿಯವರೆಗೆ ಆರು ಮನೆ ನೋಡಿದ್ದೇವೆ. ಡ್ರೈನ್ ಬಾಯಿಂದ ಕ್ಯಾಮೆರಾ ಇಳಿಸಿ ಎಲ್ಬೋದಲ್ಲಿ ಪೈಪು ಎಷ್ಟು ಒಳಗೆ ಕೂತಿದೆ ಅಂತ ನೋಡುವುದು ಅವಳ ಉಪಾಯ. ಎರಡು ಮನೆಗಳಲ್ಲಿ ಪೈಪು ಅರ್ಧಕ್ಕೇ ನಿಂತಿದೆ. ಆ ಎರಡೂ ಮನೆಗಳ ಕೆಳಗೆ ಸದ್ಯಕ್ಕೆ ಕಲೆ ಇಲ್ಲ. ಕೆಳಗಿನ ಮನೆಗಳ ಸೀಲಿಂಗ್‌ನಲ್ಲಿ ಲೈಟ್ ಪಾಯಿಂಟ್ ಪಕ್ಕ ಸಣ್ಣದಾಗಿ ಒಂದು ಪೆನ್ಸಿಲ್ ಗುರುತು, ತಾರೀಕು ಹಾಕಿ ಬಂದಿದ್ದಾಳೆ. ಉಳಿದ ಮನೆಗಳು ಬಾಕಿ ಇವೆ.